ಪ್ರಾಸ್ಟೇಟ್ ತನ್ನ ಹಾರ್ಮೋನನ್ನು ತಾನೇ ಮಾಡಿಕೊಳ್ಳುತ್ತದೆ

ವಿಜಯಪುರ, ಬಾಗಲಕೋಟೆಯ ಲ್ಯಾಬುಗಳಲ್ಲಿ ಐವತ್ತು ದಾಟಿದ ಗಂಡಸರ ಹೆಲ್ತ್ ಚೆಕಪ್ ಪ್ಯಾಕೇಜಿಗೆ ಈಗ ಪಿಎಸ್‌ಎ ಪರೀಕ್ಷೆಯೂ ಸೇರಿಕೊಂಡಿದೆ. ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆ ಅದು. ಕೆಲವು ಪ್ಯಾಕೇಜುಗಳಲ್ಲಿ ಟೆಸ್ಟೋಸ್ಟಿರಾನ್ ಕೂಡ ಇರುತ್ತದೆ. ರಿಪೋರ್ಟ್ ಕೈಗೆ ಬಂದ ಕೂಡಲೇ ನಾವು ನೋಡುವುದು ಒಂದೇ: ಯಾವ ಅಂಕಿ ದಪ್ಪ ಅಕ್ಷರದಲ್ಲಿದೆ? ದಪ್ಪ ಅಕ್ಷರ ಇಲ್ಲ ಅಂದರೆ "ಎಲ್ಲಾ ನಾರ್ಮಲ್ ಐತಿ" ಅಂತ ಮಡಚಿ ಚೀಲಕ್ಕೆ ಹಾಕುತ್ತೇವೆ.

ಹೀಗೆ ಓದುವುದರಿಂದ ಎರಡು ಕಡೆ ಮೋಸ ಹೋಗುತ್ತೇವೆ. ಪ್ರಾಸ್ಟೇಟ್ ಮಾತ್ರೆ ನುಂಗುತ್ತಿರುವವರು ಕಡಿಮೆ ಪಿಎಸ್‌ಎ ಕಂಡು ಸಮಾಧಾನಪಡುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ವೃಷಣ ತೆಗೆಸುವ ಆಪರೇಷನ್ ಮಾಡಿಸಿಕೊಂಡವರು "ಹಾರ್ಮೋನೇ ಹೋಯ್ತಲ್ಲ, ಇನ್ನೇನು" ಅಂತ ದವಾಖಾನೆಗೆ ಹೋಗುವುದನ್ನೇ ಬಿಡುತ್ತಾರೆ. ಎರಡಕ್ಕೂ ಬೇರು ಒಂದೇ. ರಕ್ತದಲ್ಲಿ ಹರಿಯುವ ಹಾರ್ಮೋನೇ ಪ್ರಾಸ್ಟೇಟ್ ಒಳಗೂ ಕೆಲಸ ಮಾಡುತ್ತದೆ ಎಂದು ನಂಬಿದ್ದೇವೆ. ಅದು ಹಾಗಿಲ್ಲ. ಯಾವ ಗಂಡು ಹಾರ್ಮೋನ್ ಒಳಗೆ ಏನಾಗಿ ಬದಲಾಗುತ್ತದೆ, ಯಾವ ಜೀನನ್ನು ಎಬ್ಬಿಸುತ್ತದೆ ಎಂಬುದು ತಿಳಿದರೆ ಈ ಅಂಕಿಗಳು ಬೇರೆಯದೇ ಕತೆ ಹೇಳುತ್ತವೆ.

ಗಂಡು ಹಾರ್ಮೋನ್ ಅಂದರೆ ಟೆಸ್ಟೋಸ್ಟಿರಾನ್ ಅಂತ ಶಾಲೆಯಲ್ಲಿ ಓದಿದ್ದೇವೆ. ಅದು ದೊಡ್ಡ ಗುಂಪಿನಲ್ಲಿ ಒಂದು, ಅಷ್ಟೇ. ವೃಷಣಗಳಿಂದ ಟೆಸ್ಟೋಸ್ಟಿರಾನ್ ಬರುತ್ತದೆ. ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಡಿಎಚ್‌ಇಎ, ಆಂಡ್ರೋಸ್ಟೀನ್‌ಡಯೋನ್ ಎಂಬ ಸೌಮ್ಯ ಹಾರ್ಮೋನುಗಳು ಬರುತ್ತವೆ. ಪ್ರಾಸ್ಟೇಟ್ ಇವುಗಳನ್ನು ಬಂದ ಹಾಗೇ ಬಳಸುವುದಿಲ್ಲ. ಅದರಲ್ಲಿ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಇದೆ. ಅದು ಟೆಸ್ಟೋಸ್ಟಿರಾನನ್ನು ಡೈಹೈಡ್ರೋಟೆಸ್ಟೋಸ್ಟಿರಾನ್ ಆಗಿ ಬದಲಿಸುತ್ತದೆ. ಹೆಸರು ಉದ್ದ, ಡಿಎಚ್‌ಟಿ ಅನ್ನೋಣ.

ಮುಧೋಳ, ಮಹಾಲಿಂಗಪುರದ ಕಡೆ ಗಾಣ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹೊಲದಿಂದ ಬರುವುದು ಕಬ್ಬು, ಬೆಲ್ಲ ಆಗುವುದು ಕೊಪ್ಪರಿಗೆಯಲ್ಲಿ. ರಕ್ತದ ಟೆಸ್ಟೋಸ್ಟಿರಾನ್ ಕಬ್ಬು, ಪ್ರಾಸ್ಟೇಟಿನ ಡಿಎಚ್‌ಟಿ ಬೆಲ್ಲ. ಹೊಲದಲ್ಲಿ ಎಷ್ಟು ಕಬ್ಬು ನಿಂತಿದೆ ಎಂದು ನೋಡಿ ಕೊಪ್ಪರಿಗೆಯಲ್ಲಿ ಎಷ್ಟು ಬೆಲ್ಲ ಇದೆ ಎಂದು ಹೇಳಲು ಬರುವುದಿಲ್ಲ. ರಕ್ತದಲ್ಲಿ ಡಿಎಚ್‌ಟಿಗಿಂತ ಟೆಸ್ಟೋಸ್ಟಿರಾನ್ ಸುಮಾರು ಹತ್ತು ಪಟ್ಟು ಜಾಸ್ತಿ. ಪ್ರಾಸ್ಟೇಟ್ ಒಳಗೆ ಹೋದರೆ ಲೆಕ್ಕ ತಲೆಕೆಳಗು, ಅಲ್ಲಿ ಡಿಎಚ್‌ಟಿಯೇ ಹಲವು ಪಟ್ಟು ಜಾಸ್ತಿ.

ಇದು ಗೊತ್ತಾದದ್ದು 1968ರಲ್ಲಿ. ಅಮೆರಿಕದ ಡಲ್ಲಾಸ್‌ನಲ್ಲಿ ನಿಕೋಲಸ್ ಬ್ರುಚೋವ್‌ಸ್ಕಿ ಮತ್ತು ಜೀನ್ ವಿಲ್ಸನ್ ವಿಕಿರಣದ ಗುರುತು ಹಾಕಿದ ಟೆಸ್ಟೋಸ್ಟಿರಾನನ್ನು ಇಲಿಗಳಿಗೆ ಕೊಟ್ಟರು. ಆಮೇಲೆ ಪ್ರಾಸ್ಟೇಟ್ ಜೀವಕೋಶಗಳ ನ್ಯೂಕ್ಲಿಯಸ್ ತೆಗೆದು ನೋಡಿದರೆ ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಡಿಎಚ್‌ಟಿ. ಜೀನುಗಳು ಇರುವುದು ನ್ಯೂಕ್ಲಿಯಸ್‌ನಲ್ಲೇ ಅಲ್ವಾ? ಅಂದರೆ ಜೀನುಗಳ ಹತ್ತಿರ ಹೋಗಿ ಕೂರುವುದು ಡಿಎಚ್‌ಟಿ. ಅದೇ ವರ್ಷ ಷಿಕಾಗೋದಲ್ಲಿ ಆಂಡರ್ಸನ್ ಮತ್ತು ಲಿಯಾವೊ ಅವರಿಗೂ ಬೇರೆ ದಾರಿಯಲ್ಲಿ ಇದೇ ಸಿಕ್ಕಿತು.

ಈಗ ಆ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಂಡು ಹಾರ್ಮೋನುಗಳ ಗುಂಪಿಗೆ ಆಂಡ್ರೋಜನ್ ಎಂದು ಹೆಸರು. ಅವನ್ನು ಹಿಡಿದುಕೊಳ್ಳುವ ಆಂಡ್ರೋಜನ್ ರಿಸೆಪ್ಟರ್ ಎಂಬ ಪ್ರೋಟೀನ್ ಜೀವಕೋಶದಲ್ಲಿ ಇದೆ. ಅದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಸಿನ ಗಂಡಸುತನ ನಡೆಸುವ ಈ ಪ್ರೋಟೀನಿನ ಜೀನ್ ಅವನಿಗೆ ಬರುವುದು ತಾಯಿಯಿಂದ ಮಾತ್ರ. ಹಾರ್ಮೋನ್ ಬರುವ ತನಕ ರಿಸೆಪ್ಟರ್ ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡು ಸುಮ್ನೆ ಇರುತ್ತದೆ. ಹಾರ್ಮೋನ್ ಬಂದು ಕೂತ ಕೂಡಲೇ ಅದರ ಆಕಾರ ಬದಲಾಗುತ್ತದೆ, ನ್ಯೂಕ್ಲಿಯಸ್ ಒಳಗೆ ಹೋಗುತ್ತದೆ, ಇನ್ನೊಂದು ರಿಸೆಪ್ಟರಿನ ಜತೆ ಜೋಡಿಯಾಗುತ್ತದೆ. ಆ ಜೋಡಿ ಡಿಎನ್‌ಎಯಲ್ಲಿ ಹುಡುಕುವುದು 15 ಅಕ್ಷರಗಳ ಒಂದು ಸಾಲನ್ನು: ಆರು ಅಕ್ಷರ, ನಡುವೆ ಯಾವುದಾದರೂ ಮೂರು, ಮತ್ತೆ ಆರು. ಸಿಕ್ಕಲ್ಲಿ ಕೂತು, ಸಹಾಯಕ್ಕೆ ಬೇರೆ ಪ್ರೋಟೀನುಗಳನ್ನು ಕರೆದು, ಪಕ್ಕದ ಜೀನನ್ನು ಓದಿಸುತ್ತದೆ.

ಹಾಗೆ ಓದಿಸುವ ಜೀನುಗಳಲ್ಲಿ ಒಂದು ಕೆಎಲ್‌ಕೆ3. ಅದರಿಂದ ತಯಾರಾಗುವ ಪ್ರೋಟೀನೇ ಪಿಎಸ್‌ಎ. ವೀರ್ಯ ಹೊರಬಂದ ಕೂಡಲೇ ಗಟ್ಟಿಯಾಗುತ್ತದೆ, ಅದನ್ನು ಮತ್ತೆ ತೆಳುವಾಗಿಸುವುದು ಪಿಎಸ್‌ಎ ಕೆಲಸ. ಅದರಲ್ಲಿ ಒಂದಿಷ್ಟು ರಕ್ತಕ್ಕೆ ಸೋರುತ್ತದೆ, ಲ್ಯಾಬಿನವರು ಅಳೆಯುವುದು ಆ ಸೋರಿದ್ದನ್ನು. ಹಾಗಾಗಿ ಪಿಎಸ್‌ಎ ಮೂಲತಃ ಕ್ಯಾನ್ಸರಿನ ಗುರುತು ಅಲ್ಲ. ಆಂಡ್ರೋಜನ್ ರಿಸೆಪ್ಟರ್ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಪ್ರಾಸ್ಟೇಟ್ ದಪ್ಪ ಆದರೂ ಏರುತ್ತದೆ, ಸೋಂಕಾದರೂ ಏರುತ್ತದೆ, ಕ್ಯಾನ್ಸರಾದರೂ ಏರುತ್ತದೆ. ಈ ಒಂದು ಮಾತು ನಮ್ಮ ಜನರಿಗೆ ಮೊದಲೇ ಗೊತ್ತಿದ್ದಿದ್ದರೆ ಎಷ್ಟೋ ಗಾಬರಿಗಳು, ಎಷ್ಟೋ ಸುಳ್ಳು ಸಮಾಧಾನಗಳು ತಪ್ಪುತ್ತಿದ್ದವು ಅಂತ ನನಗೆ ಬಲವಾಗಿ ಅನಿಸುತ್ತದೆ.

ಹಾಗಾದರೆ ಟೆಸ್ಟೋಸ್ಟಿರಾನ್ ಒಂದು ಜೀನ್, ಡಿಎಚ್‌ಟಿ ಇನ್ನೊಂದು ಜೀನ್, ಹೀಗೆ ಪಾಲು ಹಂಚಿಕೊಂಡಿವೆಯೇ? ಬಹುಪಾಲು ಇಲ್ಲ. ಎರಡೂ ಕೂರುವುದು ಒಂದೇ ರಿಸೆಪ್ಟರಿನಲ್ಲಿ. ವ್ಯತ್ಯಾಸ ಇರುವುದು ಹಿಡಿತದಲ್ಲಿ. ಟೆಸ್ಟೋಸ್ಟಿರಾನ್ ರಿಸೆಪ್ಟರಿನಿಂದ ಡಿಎಚ್‌ಟಿಗಿಂತ ಸುಮಾರು ಮೂರು ಪಟ್ಟು ಬೇಗ ಕಳಚಿಕೊಳ್ಳುತ್ತದೆ. ಡಿಎಚ್‌ಟಿ ಗಟ್ಟಿಯಾಗಿ ಕೂತು ರಿಸೆಪ್ಟರ್ ಹಾಳಾಗದಂತೆ ಕಾಯುತ್ತದೆ. ಅದಕ್ಕೇ ಸ್ವಲ್ಪ ಡಿಎಚ್‌ಟಿ ಮಾಡುವ ಕೆಲಸಕ್ಕೆ ಬಹಳ ಟೆಸ್ಟೋಸ್ಟಿರಾನ್ ಬೇಕು. ಟೆಸ್ಟೋಸ್ಟಿರಾನ್ ಸಾಕಷ್ಟು ಇದ್ದರೆ ಅದೂ ಅದೇ ಕೆಲಸ ಮಾಡುತ್ತದೆ.

ಇನ್ನೊಂದು ವ್ಯತ್ಯಾಸ ಜೀವಕೋಶದ್ದು. ಪ್ರಾಸ್ಟೇಟಿನಲ್ಲಿ ರಸ ಸುರಿಸುವ ಕೋಶಗಳು ಬೇರೆ, ಅವುಗಳ ಸುತ್ತ ಆಧಾರವಾಗಿರುವ ಕೋಶಗಳು ಬೇರೆ. ಅದೇ ಡಿಎಚ್‌ಟಿ ರಸದ ಕೋಶಗಳಲ್ಲಿ ಪಿಎಸ್‌ಎ ಜೀನನ್ನು ಓದಿಸಿದರೆ, ಸುತ್ತಲಿನ ಕೋಶಗಳಲ್ಲಿ ಬೆಳವಣಿಗೆಗೆ ಬೇಕಾದ ಅಂಶಗಳನ್ನು ತಯಾರಿಸುತ್ತದೆ. ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಎಲ್ಲಿ ಸಡಿಲ ಇದೆಯೋ ಅಲ್ಲಿ ಮಾತ್ರ ರಿಸೆಪ್ಟರ್ ಕೂರಬಲ್ಲದು. ರಸದ ಕೋಶಗಳಲ್ಲಿ ಹಾಗೆ ಸಡಿಲಿಸಿ ಕೊಡುವುದು ಫಾಕ್ಸ್‌ಎ1 ಎಂಬ ಪ್ರೋಟೀನ್. ಹೀಗಾಗಿ ಹಾರ್ಮೋನಿನ ಹೆಸರಿಗಿಂತ ಅದು ಎಷ್ಟಿದೆ, ಎಷ್ಟು ಹೊತ್ತು ಕೂರುತ್ತದೆ, ಯಾವ ಕೋಶದಲ್ಲಿದೆ ಎಂಬುದು ಮುಖ್ಯ. ಪ್ರಮಾಣದ ಮಾತು ಇನ್ನೂ ವಿಚಿತ್ರ. ಪ್ರಯೋಗಾಲಯದಲ್ಲಿ ಎಲ್‌ಎನ್‌ಕ್ಯಾಪ್ ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಸ್ವಲ್ಪ ಆಂಡ್ರೋಜನ್ ಕೊಟ್ಟರೆ ಚೆನ್ನಾಗಿ ಬೆಳೆಯುತ್ತವೆ, ಬಹಳ ಕೊಟ್ಟರೆ ಬೆಳವಣಿಗೆ ತಗ್ಗುತ್ತದೆ. ರಿಸೆಪ್ಟರ್ ಜೀನುಗಳನ್ನು ಎಬ್ಬಿಸುವುದಷ್ಟೇ ಅಲ್ಲ, ಕೆಲವನ್ನು ಮಲಗಿಸುತ್ತದೆ ಕೂಡ. ಹಾರ್ಮೋನ್ ಜಾಸ್ತಿಯಾದಾಗ ತನ್ನದೇ ಜೀನನ್ನೂ, ಡಿಎನ್‌ಎ ನಕಲು ಮಾಡುವ ಜೀನುಗಳನ್ನೂ ತಗ್ಗಿಸುತ್ತದೆ.

ಡಿಎಚ್‌ಟಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ಡೊಮಿನಿಕನ್ ರಿಪಬ್ಲಿಕ್‌ನ ಸಲಿನಾಸ್ ಎಂಬ ಹಳ್ಳಿ. ಅಲ್ಲಿ ಹೆಣ್ಣುಮಕ್ಕಳೆಂದು ಬೆಳೆಸಿದ ಕೆಲವು ಮಕ್ಕಳಿಗೆ ಹದಿಹರೆಯದಲ್ಲಿ ದನಿ ಒಡೆದು, ಮೈ ಗಟ್ಟಿಯಾಗಿ, ಗಂಡಿನ ಲಕ್ಷಣಗಳು ಬರುತ್ತಿದ್ದವು. 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಮತ್ತು ಸಂಗಡಿಗರು ಕಾರಣ ಹೇಳಿದರು: ಆ ಮಕ್ಕಳಲ್ಲಿ 5-ಆಲ್ಫಾ ರಿಡಕ್ಟೇಸ್ ಕೊರತೆ. ಹೊಟ್ಟೆಯಲ್ಲಿದ್ದಾಗ ಡಿಎಚ್‌ಟಿ ಸಾಲದೆ ಹೊರಗಿನ ಗಂಡು ಅಂಗ ಸರಿಯಾಗಿ ಮೂಡಿರಲಿಲ್ಲ. ಟೆಸ್ಟೋಸ್ಟಿರಾನ್ ಮಾಮೂಲಾಗಿಯೇ ಇತ್ತು, ಆದ್ದರಿಂದ ಹದಿಹರೆಯದಲ್ಲಿ ಸ್ನಾಯು ಬೆಳೆಯಿತು, ದನಿ ಬದಲಾಯಿತು. ಆದರೆ ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಸಣ್ಣದಾಗಿಯೇ ಉಳಿಯಿತು. ಎರಡು ಹಾರ್ಮೋನುಗಳ ಕೆಲಸವನ್ನು ಪ್ರಕೃತಿ ಇಷ್ಟು ಬಿಡಿಸಿ ತೋರಿಸಿದ್ದು ಬೇರೆಲ್ಲೂ ನಾನು ಕಂಡಿಲ್ಲ. ಆ ಕಿಣ್ವವನ್ನು ತಡೆದರೆ ದಪ್ಪಗಾದ ಪ್ರಾಸ್ಟೇಟನ್ನು ಕುಗ್ಗಿಸಬಹುದು ಎಂಬ ಯೋಚನೆ ಬಲಗೊಂಡಿದ್ದು ಇಲ್ಲಿಂದಲೇ. 1992ರಲ್ಲಿ ಫಿನಾಸ್ಟರೈಡ್ ಬಂತು, ಮುಂದೆ ಡ್ಯುಟಾಸ್ಟರೈಡ್.

ನಮ್ಮ ಊರುಗಳಲ್ಲಿ ಹಿರಿಯರು ನುಂಗುವ ಪ್ರಾಸ್ಟೇಟ್ ಗುಳಿಗೆಯಲ್ಲಿ ಹೆಚ್ಚಾಗಿ ಎರಡು ಔಷಧಿ ಸೇರಿರುತ್ತವೆ: ಟ್ಯಾಮ್ಸುಲೋಸಿನ್ ಮತ್ತು ಡ್ಯುಟಾಸ್ಟರೈಡ್. ಮೊದಲನೆಯದು ಮೂತ್ರದ ದಾರಿಯ ಸ್ನಾಯು ಸಡಿಲಿಸುತ್ತದೆ. ಕೆಲವೇ ದಿನದಲ್ಲಿ ಆರಾಮ ಅನಿಸುತ್ತದೆ, ಜೀನುಗಳಿಗೂ ಅದಕ್ಕೂ ಸಂಬಂಧ ಇಲ್ಲ. ಎರಡನೆಯದು ಡಿಎಚ್‌ಟಿ ತಯಾರಾಗುವುದನ್ನೇ ತಡೆಯುತ್ತದೆ. ರಕ್ತದ ಡಿಎಚ್‌ಟಿ ಶೇ. 90ಕ್ಕೂ ಹೆಚ್ಚು ಇಳಿಯುತ್ತದೆ, ಪ್ರಾಸ್ಟೇಟ್ ತಿಂಗಳುಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಡಿಎಚ್‌ಟಿ ಇಳಿದರೆ ಕೆಎಲ್‌ಕೆ3 ಜೀನ್ ಓದುವುದೂ ಇಳಿಯಬೇಕಲ್ಲ? ಇಳಿಯುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎ ಸುಮಾರು ಅರ್ಧ ಆಗುತ್ತದೆ.

ಇಂಡಿ ಕಡೆಯ ಒಬ್ಬ ಅಜ್ಜ ಅಂದುಕೊಳ್ಳಿ. ರಿಪೋರ್ಟಿನಲ್ಲಿ ಪಿಎಸ್‌ಎ 3.1 ಇದೆ. ಲ್ಯಾಬಿನ ಮಿತಿ 4. ಮಗ ಖುಷಿಯಾಗಿದ್ದಾನೆ. ಡಾಕ್ಟರ್ ಕೇಳುತ್ತಾರೆ, "ಅಜ್ಜಾರ, ಈ ಗುಳಿಗಿ ಯಾವಾಗಿಂದ ತಗೋಳಾಕತ್ತೀರಿ?" ಅಜ್ಜ ಹೇಳುತ್ತಾನೆ, "ಹ್ವಾದ ವರ್ಷದ ಕಾರಹುಣ್ಣಿವಿ ಮುಂದ ಚಾಲೂ ಮಾಡೇನ್ರಿ, ಸಾಹೇಬ್ರ." ಅಂದರೆ ವರ್ಷದ ಮೇಲಾಯಿತು. ಆ 3.1ನ್ನು ಡಾಕ್ಟರ್ ಎರಡರಿಂದ ಗುಣಿಸಿ 6.2 ಎಂದು ಓದುತ್ತಾರೆ. ಅದರ ಜತೆ ಇನ್ನೊಂದನ್ನೂ ನೋಡುತ್ತಾರೆ: ಈ ಮಾತ್ರೆಯ ಮೇಲೆ ಪಿಎಸ್‌ಎ ಎಷ್ಟು ಕೆಳಗೆ ಹೋಗಿತ್ತು, ಅಲ್ಲಿಂದ ಮತ್ತೆ ಏರಿದೆಯಾ? ಮಾತ್ರೆ ತಪ್ಪದೆ ನುಂಗುತ್ತಿದ್ದೂ ಅಂಕಿ ಮೇಲಕ್ಕೆ ಹೋಗುತ್ತಿದ್ದರೆ, 4ರ ಕೆಳಗಿದ್ದರೂ ಪರೀಕ್ಷೆ ಮುಂದುವರಿಸಬೇಕಾಗುತ್ತದೆ. ಲ್ಯಾಬಿನ ಕಂಪ್ಯೂಟರಿಗೆ ಈ ಗುಳಿಗೆಯ ವಿಷಯ ಗೊತ್ತಿಲ್ಲ, ಅದು 3.1ನ್ನು ಸಾದಾ ಅಕ್ಷರದಲ್ಲೇ ಅಚ್ಚು ಹಾಕುತ್ತದೆ. ಕೂದಲು ಉದುರುವುದಕ್ಕೆ 1 ಮಿಲಿಗ್ರಾಮ್ ಫಿನಾಸ್ಟರೈಡ್ ನುಂಗುವ ನಲವತ್ತರ ಗಂಡಸರಿಗೂ ಇದೇ ಮಾತು. ಅದೂ ಪಿಎಸ್‌ಎ ಇಳಿಸುತ್ತದೆ. ಕೂದಲಿನ ಮಾತ್ರೆ ಎಂದು ಡಾಕ್ಟರ ಮುಂದೆ ಹೇಳದೆ ಬಿಡಬೇಡಿ.

ಮನೆಯೊಳಗಿನ ಒಂದು ವಿಷಯ ಇಲ್ಲೇ ಹೇಳಬೇಕು. ಮಾವನಿಗೆ ಹೊತ್ತು ಹೊತ್ತಿಗೆ ಗುಳಿಗೆ ಬಿಡಿಸಿ ಕೊಡುವುದು ಬಹಳ ಮನೆಗಳಲ್ಲಿ ಸೊಸೆಯ ಕೆಲಸ. ಆಕೆ ಬಸುರಿಯಾಗಿದ್ದರೆ ಸೋರುವ ಡ್ಯುಟಾಸ್ಟರೈಡ್ ಕ್ಯಾಪ್ಸೂಲನ್ನು, ಒಡೆದ ಫಿನಾಸ್ಟರೈಡ್ ಮಾತ್ರೆಯನ್ನು ಮುಟ್ಟಬಾರದು. ಔಷಧಿ ಚರ್ಮದ ಮೂಲಕ ಒಳಗೆ ಹೋಗಬಲ್ಲದು, ಹೊಟ್ಟೆಯಲ್ಲಿ ಗಂಡು ಕೂಸಿದ್ದರೆ ಅದಕ್ಕೆ ಡಿಎಚ್‌ಟಿ ಬೇಕು. ಸಲಿನಾಸ್‌ನ ಮಕ್ಕಳಲ್ಲಿ ಆಗಿದ್ದು ಇದೇ ಕೊರತೆಯಿಂದ.

ಹುಡುಗರ ವಿಷಯ ಚಿಕ್ಕದಾಗಿ. ನಮ್ಮ ಭಾಗ ಗರಡಿಮನೆ, ಕುಸ್ತಿಯ ನಾಡು. ಈಗ ಅದರ ಪಕ್ಕದಲ್ಲೇ ಜಿಮ್ಮುಗಳು ಎದ್ದಿವೆ, ಜಿಮ್ಮಿನ ಜತೆ ಟೆಸ್ಟೋಸ್ಟಿರಾನ್, ನ್ಯಾಂಡ್ರೋಲೋನ್ ಸೂಜಿಯ ಮಾತೂ ಕೇಳಿಬರುತ್ತದೆ. ಸ್ನಾಯುವಿನಲ್ಲಿ 5-ಆಲ್ಫಾ ರಿಡಕ್ಟೇಸ್ ಬಹಳ ಕಡಿಮೆ, ಅಲ್ಲಿ ಟೆಸ್ಟೋಸ್ಟಿರಾನ್ ತಾನೇ ಕೆಲಸ ಮಾಡುತ್ತದೆ. ನ್ಯಾಂಡ್ರೋಲೋನಿನ ಕತೆ ಉಲ್ಟಾ: ಪ್ರಾಸ್ಟೇಟಿನ ಅದೇ ಕಿಣ್ವ ಅದನ್ನು ಇನ್ನೂ ದುರ್ಬಲ ವಸ್ತುವಾಗಿ ಬದಲಿಸುತ್ತದೆ. ಹೀಗೆ ಒಂದೇ ಕಿಣ್ವ ಒಂದು ಹಾರ್ಮೋನನ್ನು ಬಲಗೊಳಿಸುತ್ತದೆ, ಇನ್ನೊಂದನ್ನು ಸೊರಗಿಸುತ್ತದೆ. ಇದನ್ನು ಕೇಳಿ "ಹಾಗಾದ್ರೆ ನ್ಯಾಂಡ್ರೋಲೋನ್ ಸೇಫ್" ಅನ್ನುವವರಿದ್ದಾರೆ. ಪ್ರಾಸ್ಟೇಟಿಗೆ ಹಗುರ ಅಂದಮಾತ್ರಕ್ಕೆ ಹೃದಯಕ್ಕೆ ಹಗುರ ಅಲ್ಲ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಗಳಿಗೆ ಕಳಿಸುವ ಸೂಚನೆ ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತವೆ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಗಂಡಸರಿದ್ದರು, ಟೆಸ್ಟೋಸ್ಟಿರಾನ್ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೇಳಿಕೊಳ್ಳುವಷ್ಟು ಹೆಚ್ಚಾಗಲಿಲ್ಲ. ಆದರೆ ಅವರು ಹಾರ್ಮೋನ್ ಕಡಿಮೆಯಿದ್ದ ಹಿರಿಯರು, ಡಾಕ್ಟರ ಕಣ್ಣಳತೆಯಲ್ಲಿ ಜೆಲ್ ಹಚ್ಚಿಕೊಂಡವರು. ಅದನ್ನು ತೋರಿಸಿ ಇಪ್ಪತ್ತರ ಹುಡುಗನಿಗೆ ಸೂಜಿ ಮಾರುವುದು ತಪ್ಪು.

ಈಗ ನನ್ನನ್ನು ಹೆಚ್ಚು ಕಾಡುವ ಭಾಗಕ್ಕೆ ಬರುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೆ ದವಾಖಾನೆಗೆ ಬರುವವರು ನಮ್ಮ ಕಡೆ ಇದ್ದಾರೆ. ಬೆನ್ನುನೋವು ಅಂತ ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ಕಳೆದಿರುತ್ತಾರೆ. ಅಂಥವರಿಗೆ ಮೊದಲ ಚಿಕಿತ್ಸೆ ಟೆಸ್ಟೋಸ್ಟಿರಾನ್ ತಗ್ಗಿಸುವುದು. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ ತೋರಿಸಿದ ದಾರಿ ಇದು, ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಸಿಕ್ಕಿತು. ದಾರಿ ಎರಡಿವೆ. ತಿಂಗಳಿಗೋ ಮೂರು ತಿಂಗಳಿಗೋ ಒಂದು ಸೂಜಿ, ಇಲ್ಲವೇ ಒಂದೇ ಸಲ ಆಪರೇಷನ್ ಮಾಡಿ ವೃಷಣ ತೆಗೆಯುವುದು. ಆಪರೇಷನ್ ಅಗ್ಗ, ಮತ್ತೆ ಮತ್ತೆ ಓಡಾಡುವ ಗೋಳಿಲ್ಲ. ಆದರೆ ಹೋರಿಗೆ ಬೀಜ ಒಡೆಸಿ ಎತ್ತು ಮಾಡಿದ ಕೈಗಳಿಗೆ ಆ ಮಾತು ಎಷ್ಟು ಭಾರ ಎಂದು ಬೇರೆ ಹೇಳಬೇಕಿಲ್ಲ. ಬಹಳ ಯೋಚನೆ ಮಾಡಿ, ಹೆಂಡತಿ ಮಕ್ಕಳ ಹತ್ತಿರ ಮಾತಾಡಿ ಒಪ್ಪಿಕೊಳ್ಳುತ್ತಾರೆ. ಅಷ್ಟು ದೊಡ್ಡ ಬೆಲೆ ಕೊಟ್ಟ ಮೇಲೆ ಇನ್ನೇನೂ ಉಳಿದಿಲ್ಲ, ರೋಗದ ಬೇರೇ ಕಿತ್ತಾಯಿತು ಎಂಬ ಭಾವನೆ ಬರುವುದು ಸಹಜ. ನೋವು ಇಳಿಯುತ್ತದೆ, ಪಿಎಸ್‌ಎ ಪಾತಾಳಕ್ಕೆ ಹೋಗುತ್ತದೆ, ಅಜ್ಜ ಹೊಲಕ್ಕೆ ಹೋಗಲು ಶುರುಮಾಡುತ್ತಾನೆ. ಅಥಣಿ, ಜಮಖಂಡಿಯವರು ಮಿರಜಿಗೆ, ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ ಓಡಾಡುವುದನ್ನು ನಿಲ್ಲಿಸುತ್ತಾರೆ.

ವೃಷಣ ಹೋಗಿದೆ, ಅಡ್ರಿನಲ್ ಹೋಗಿಲ್ಲ. ಅಲ್ಲಿಂದ ಡಿಎಚ್‌ಇಎ, ಆಂಡ್ರೋಸ್ಟೀನ್‌ಡಯೋನ್ ಬರುತ್ತಲೇ ಇರುತ್ತವೆ. ಹಾರ್ಮೋನ್ ತಗ್ಗಿಸುವ ಚಿಕಿತ್ಸೆ ಆದ ಮೇಲೆ ಪ್ರಾಸ್ಟೇಟ್ ಅಂಗಾಂಶ ಅಳೆದು ನೋಡಿದ ಜಪಾನಿನ ಸಂಶೋಧಕರಿಗೆ ಮೊದಲಿದ್ದ ಡಿಎಚ್‌ಟಿಯ ಸುಮಾರು ಕಾಲುಭಾಗ ಹಾಗೇ ಉಳಿದದ್ದು ಕಂಡಿತು. ರಕ್ತದಲ್ಲಿ ಟೆಸ್ಟೋಸ್ಟಿರಾನ್ ಇಲ್ಲವೆನ್ನುವಷ್ಟು ಕಡಿಮೆ ಇದ್ದರೂ ಕ್ಯಾನ್ಸರ್ ಕೋಶಗಳು ಅಡ್ರಿನಲ್ ಹಾರ್ಮೋನುಗಳಿಂದ ಡಿಎಚ್‌ಟಿ ಮಾಡಿಕೊಳ್ಳುತ್ತವೆ. ಟೆಸ್ಟೋಸ್ಟಿರಾನಿನ ಹಂತವನ್ನೇ ದಾಟಿಬಿಡುವ ಅಡ್ಡದಾರಿಯೂ ಅವಕ್ಕೆ ಗೊತ್ತು.

ಇತ್ತೀಚೆಗೆ ಗಮನ ಸೆಳೆದ ಇನ್ನೊಂದು ಹಾರ್ಮೋನ್ 11-ಕೀಟೋಟೆಸ್ಟೋಸ್ಟಿರಾನ್. ಇದು ಮೀನುಗಳ ಮುಖ್ಯ ಗಂಡು ಹಾರ್ಮೋನ್ ಎಂದು ಹಳೆಯ ಪಾಠ. ಮನುಷ್ಯರಲ್ಲೂ ಇದೆ, ಅಡ್ರಿನಲ್‌ನ ಕಚ್ಚಾವಸ್ತುವಿನಿಂದ ತಯಾರಾಗುತ್ತದೆ, ಬಲ ಹೆಚ್ಚುಕಡಿಮೆ ಟೆಸ್ಟೋಸ್ಟಿರಾನಿನಷ್ಟೇ. ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದವರು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಇದನ್ನು ಕೊಟ್ಟು ನೋಡಿದಾಗ, ಟೆಸ್ಟೋಸ್ಟಿರಾನ್, ಡಿಎಚ್‌ಟಿ ಎಬ್ಬಿಸುವ ಜೀನುಗಳನ್ನೇ ಇದೂ ಎಬ್ಬಿಸಿತು. ನಾವು ಮಾಡಿಸುವ ಮಾಮೂಲಿ ಟೆಸ್ಟೋಸ್ಟಿರಾನ್ ಪರೀಕ್ಷೆ ಇದನ್ನು ಅಳೆಯುವುದಿಲ್ಲ.

ಹಾರ್ಮೋನ್ ಸಿಗುವುದು ಕಡಿಮೆಯಾದಾಗ ರಿಸೆಪ್ಟರೂ ಬದಲಾಗುತ್ತದೆ. ಕೆಲವು ಕೋಶಗಳು ರಿಸೆಪ್ಟರಿನ ಜೀನನ್ನೇ ಹಲವು ಪ್ರತಿ ಮಾಡಿಕೊಂಡು ಸಣ್ಣ ಪ್ರಮಾಣದ ಹಾರ್ಮೋನನ್ನೂ ಹಿಡಿಯುತ್ತವೆ. ಎಆರ್-ವಿ7 ಎಂಬ ಮೊಟಕಾದ ರೂಪಕ್ಕೆ ಹಾರ್ಮೋನ್ ಕೂರುವ ಜಾಗವೇ ಇಲ್ಲ, ಅದು ಹಾರ್ಮೋನ್ ಇಲ್ಲದೆಯೇ ಕೆಲಸ ನಡೆಸುತ್ತದೆ. ಎಲ್‌ಎನ್‌ಕ್ಯಾಪ್ ಕೋಶಗಳಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ, ಅಷ್ಟಕ್ಕೇ ರಿಸೆಪ್ಟರನ್ನು ತಡೆಯಬೇಕಾದ ಫ್ಲುಟಮೈಡ್ ಔಷಧಿ ಅದನ್ನು ಎಬ್ಬಿಸುತ್ತದೆ. ಫ್ಲುಟಮೈಡ್ ನಿಲ್ಲಿಸಿದ ಕೂಡಲೇ ಕೆಲವು ರೋಗಿಗಳ ಪಿಎಸ್‌ಎ ಇಳಿದದ್ದನ್ನು ಡಾಕ್ಟರುಗಳು 1990ರ ದಶಕದಲ್ಲೇ ಕಂಡಿದ್ದರು.

ಟಿಎಂಪಿಆರ್‌ಎಸ್‌ಎಸ್2 ಎಂಬ ಜೀನಿನದು ಬೇರೆಯೇ ಕತೆ. ಕೋವಿಡ್ ವೈರಸ್ ನಮ್ಮ ಜೀವಕೋಶಕ್ಕೆ ನುಗ್ಗಲು ಬಳಸುವ ಪ್ರೋಟೀನನ್ನು ತಯಾರಿಸುವ ಜೀನ್ ಅದು. ಪ್ರಾಸ್ಟೇಟಿನಲ್ಲಿ ಅದು ಆಂಡ್ರೋಜನ್ ಮಾತು ಕೇಳುತ್ತದೆ. ಕೆಲವರ ಕ್ಯಾನ್ಸರಿನಲ್ಲಿ ಅದರ ಮುಂಭಾಗ ತುಂಡಾಗಿ, ಅದೇ 21ನೇ ಕ್ರೋಮೋಸೋಮಿನಲ್ಲಿರುವ ಇಆರ್‌ಜಿ ಎಂಬ ಬೆಳವಣಿಗೆಯ ಜೀನಿಗೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಮುಂದೆ ಗಂಡು ಹಾರ್ಮೋನ್ ಬಂದಾಗಲೆಲ್ಲ ಇಆರ್‌ಜಿ ಏಳುತ್ತದೆ. 2005ರಲ್ಲಿ ಇದು ಬೆಳಕಿಗೆ ಬಂತು. ಬಿಳಿಯರ ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಲ್ಲಿ ಇದು ಕಾಣುತ್ತದೆ, ಪೂರ್ವ ಏಷ್ಯಾದವರಲ್ಲಿ ಕಡಿಮೆ.

ಹಾಗಾಗಿ ಆಪರೇಷನ್ ಆದವರ ಪಿಎಸ್‌ಎ ಮತ್ತೆ ಏರಿದರೆ ಅದೇ ರಕ್ತದಲ್ಲಿ ಟೆಸ್ಟೋಸ್ಟಿರಾನನ್ನೂ ನೋಡಿಸುತ್ತಾರೆ. ಡೆಸಿಲೀಟರಿಗೆ 50 ನ್ಯಾನೋಗ್ರಾಮಿಗಿಂತ ಕಡಿಮೆ ಇದ್ದೂ ಪಿಎಸ್‌ಎ ಏರುತ್ತಿದ್ದರೆ ಕ್ಯಾನ್ಸರ್ ಬೇರೆ ದಾರಿ ಹಿಡಿದಿದೆ ಎಂದು ಅರ್ಥ. ಸೂಜಿ ತೆಗೆದುಕೊಳ್ಳುವವರಲ್ಲಿ 50ಕ್ಕಿಂತ ಮೇಲಿದ್ದರೆ ಒಂದು ಸೂಜಿ ತಪ್ಪಿರಬಹುದು, ಅದನ್ನು ಸರಿಮಾಡುವುದು ಸುಲಭ. ಸುಗ್ಗಿ ಬಂತು, ಮದುವೆ ಬಂತು ಅಂತ ಸೂಜಿ ತಳ್ಳುವವರಿಗೆ ಈ ಮಾತು ಒತ್ತಿ ಹೇಳಬೇಕು. ಪಿಎಸ್‌ಎ ನೋಡಿಸಲು ಪ್ರತಿ ಸಲ ಮಿರಜಿಗೇ ಹೋಗಬೇಕಾಗಿಲ್ಲ. ತಾಲ್ಲೂಕಿನ ಲ್ಯಾಬಿನಲ್ಲಿ ರಕ್ತ ಕೊಟ್ಟು ರಿಪೋರ್ಟನ್ನು ಡಾಕ್ಟರಿಗೆ ಕಳಿಸಬಹುದು, ಪ್ರತಿ ಸಲ ಅದೇ ಲ್ಯಾಬ್ ಆದರೆ ಹೋಲಿಸಲು ಸುಲಭ. ಬೆಳಗಾವಿಯ ಬಿಮ್ಸ್, ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಹೀಗೆ ಮೂರೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಏರಿದ ಮೇಲೂ ಔಷಧಿ ಇದೆ. ಅಡ್ರಿನಲ್‌ನಲ್ಲೂ, ಕ್ಯಾನ್ಸರ್ ಕೋಶದೊಳಗೂ ಆಂಡ್ರೋಜನ್ ತಯಾರಾಗುವುದನ್ನು ತಡೆಯುವ ಅಬಿರಾಟೆರೋನ್ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ರಿಸೆಪ್ಟರಿಗೇ ಅಡ್ಡ ನಿಲ್ಲುವ ಎಂಜಲುಟಮೈಡ್ 2012ರಲ್ಲಿ. ಎಷ್ಟೋ ರೋಗಿಗಳಿಗೆ ಈಗ ಇವನ್ನು ಮೊದಲಿನಿಂದಲೇ ಸೂಜಿ ಅಥವಾ ಆಪರೇಷನ್ ಜತೆ ಕೊಡುತ್ತಾರೆ. ಅಬಿರಾಟೆರೋನಿನ ಭಾರತೀಯ ಜೆನೆರಿಕ್‌ಗಳು ಸಿಗುತ್ತವೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಊಟದ ಜತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ವಿಪರೀತ ಏರುತ್ತದೆ. ಜತೆಗೆ ಪ್ರೆಡ್ನಿಸೋಲೋನ್ ಎಂಬ ಸಣ್ಣ ಮಾತ್ರೆ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲೋ ಬಸ್ಸಿನಲ್ಲೋ ಯಾರೋ "ಅದು ಸ್ಟಿರಾಯ್ಡ್ ಐತಿ, ತಗೋಬ್ಯಾಡ್ರಿ" ಅಂತ ಹೇಳಿಬಿಡುತ್ತಾರೆ, ಅಜ್ಜ ಅದೊಂದನ್ನು ಬಿಟ್ಟು ದುಬಾರಿ ಮಾತ್ರೆಯನ್ನು ಮಾತ್ರ ನುಂಗುತ್ತಾನೆ. ಅಬಿರಾಟೆರೋನ್ ಅಡ್ರಿನಲ್‌ನ ಕಾರ್ಟಿಸಾಲನ್ನೂ ತಗ್ಗಿಸುತ್ತದೆ. ಆಗ ಮೆದುಳು ಅಡ್ರಿನಲ್‌ಗೆ ಇನ್ನೂ ಒತ್ತಡ ಹಾಕುತ್ತದೆ, ಉಪ್ಪು ಹಿಡಿದಿಡುವ ಹಾರ್ಮೋನುಗಳು ಏರುತ್ತವೆ. ಬಿಪಿ ಜಾಸ್ತಿಯಾಗಿ, ಪೊಟ್ಯಾಸಿಯಂ ಇಳಿದು, ಕಾಲು ಬಾತು ದವಾಖಾನೆ ಸೇರಬೇಕಾಗುತ್ತದೆ. ಕ್ಯಾನ್ಸರಿಗೆ ಅಬಿರಾಟೆರೋನ್ ನುಂಗುವವರು ಆ ಸಣ್ಣ ಮಾತ್ರೆಯನ್ನು ಡಾಕ್ಟರಿಗೆ ಕೇಳದೆ ಒಂದು ದಿನವೂ ಬಿಡಬಾರದು. ತಿಂಗಳ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ಜತೆ ಪೊಟ್ಯಾಸಿಯಂ, ಲಿವರ್ ಪರೀಕ್ಷೆಯೂ ಬರೆದಿದ್ದಾರೆಯೇ ಎಂದು ಚೀಟಿಯಲ್ಲಿ ನೋಡಿಕೊಳ್ಳಿ.